ಮುಳ್ಳು ತೋರಿಸುವ ವೇಗ, ಗಾಡಿ ಹಿಡಿಯುವ ವೇಗ: ಹುಬ್ಬಳ್ಳಿ ಸುತ್ತಿನ ರಸ್ತೆಗಳಲ್ಲಿ ಹಳೇ ಡೀಸೆಲ್ ಫೋರ್ ವೀಲ್ ಗಾಡಿಗಳ ಕ್ರೂಸ್ ಕಂಟ್ರೋಲ್

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರು ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ತುಳಿಯದೆಯೇ ಒಂದೇ ವೇಗ ಹಿಡಿದಿಡುವ ವ್ಯವಸ್ಥೆಯ ಬಗ್ಗೆ ಹೇಳುವ ದೂರು ನಮ್ಮ ಕಡೆ ಒಂದೇ ಸಾಲಿನದು: "ಎಂಬತ್ತಕ್ಕ ಹಾಕಿದ್ರ ಎಂಬತ್ತರಾಗ ನಿಲ್ಲೂದಿಲ್ರಿ." ಈ ಸಾಲಿನೊಳಗೆ ಎರಡು ಬೇರೆ ದೋಷಗಳು ಅಡಗಿರುತ್ತವೆ. ಮುಳ್ಳು 80ರಲ್ಲಿರುವಾಗ ಗಾಡಿ ನಿಜಕ್ಕೂ 75ರಲ್ಲಿ ಓಡುತ್ತಿದ್ದರೆ ಅದು ಅಳತೆಯ ದೋಷ. ಟೈರು, ಮೀಟರು, ಸೆನ್ಸರುಗಳಲ್ಲಿ ಅದನ್ನು ಹುಡುಕಬೇಕು. ಏರು ಬಂದಾಗಲೋ ಎದುರುಗಾಳಿ ಹೊಡೆದಾಗಲೋ ವೇಗ 80ರಿಂದ 70ಕ್ಕೆ ಜಾರಿದರೆ ಅದು ಹಿಡಿತದ ದೋಷ. ಅದರ ಬೇರು ವ್ಯಾಕ್ಯೂಮ್ ಪೈಪು, ಕೇಬಲ್, ಸ್ವಿಚ್ಚು ಅಥವಾ ಎಂಜಿನ್ನಿನಲ್ಲೇ ಇರುತ್ತದೆ. ಎರಡನ್ನೂ ಒಂದೇ ಓಟದಲ್ಲಿ ಅಳೆಯಲು ಹೋದರೆ ಸರಿಯಿದ್ದ ಭಾಗ ಬದಲಾಗುತ್ತದೆ, ಕೆಟ್ಟ ಭಾಗ ಹಾಗೇ ಉಳಿಯುತ್ತದೆ. ಆದ್ದರಿಂದ ಈ ಸುತ್ತಾಟದಲ್ಲಿ ಎರಡಕ್ಕೂ ಬೇರೆ ರಸ್ತೆ, ಬೇರೆ ದಿನ.

ಹೊರಟಿದ್ದು ಎರಡು ಗಾಡಿ. ಮೊದಲನೆಯದು ಎಂಜಿನ್ನಿಗೆ ಎಣ್ಣೆ (ಡೀಸೆಲ್) ಕೊಡುವ ಮೆಕ್ಯಾನಿಕಲ್ ರೋಟರಿ ಪಂಪಿನ ಹಳೇ ಜಪಾನಿ ಡೀಸೆಲ್, ಮ್ಯಾನುಯಲ್ ಗೇರು. ಇದಕ್ಕೆ ಹೊರಗಿನಿಂದ ತಂದು ಕೂರಿಸಿದ ವ್ಯಾಕ್ಯೂಮ್ ಕ್ರೂಸ್ ಕಿಟ್ ಇದೆ, ಗಾಳಿ ಹೀರಿದ ಸೆಳೆತದಿಂದ ಅದು ಪಂಪಿನ ಲಿವರ್ ಎಳೆಯುತ್ತದೆ. ಎರಡನೆಯದು ಕಾಮನ್ ರೈಲ್ ಎಂಜಿನ್ನಿನ ಆಟೋಮ್ಯಾಟಿಕ್. ಇದರ ಕ್ರೂಸ್ ಕಂಪನಿಯದೇ, ಪೆಡಲ್ಲಿಗೆ ಕೇಬಲ್ ಇಲ್ಲ, ಎಲ್ಲವೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ. ಮುಂದೆ ಇವನ್ನು ಪಂಪಿನ ಗಾಡಿ, ಕಾಮನ್ ರೈಲ್ ಗಾಡಿ ಎಂದೇ ಕರೆದಿದೆ.

ಮೊದಲ ದಿನ: ಹುಬ್ಬಳ್ಳಿ, ನಿಂತ ಗಾಡಿಯ ಕೆಲಸ

ರಸ್ತೆಗಿಳಿಯುವ ಮುನ್ನ ಒಂದು ಹೊತ್ತು ಗ್ಯಾರೇಜಿಗೇ ಮೀಸಲು. ಮೊದಲ ಕೆಲಸ ಟೈರಿನದು. ತಣ್ಣಗಿದ್ದಾಗ ಗಾಳಿ ಸರಿಮಾಡಿ, ಸೀಮೆಸುಣ್ಣದಿಂದ ಟೈರಿಗೂ ನೆಲಕ್ಕೂ ಗುರುತು ಹಾಕಿ, ಗಾಡಿಯನ್ನು ನೇರವಾಗಿ ಐದು ಸುತ್ತು ಉರುಳಿಸಿ ಟೇಪಿನಿಂದ ಅಳೆಯಬೇಕು. ಐದರಿಂದ ಭಾಗಿಸಿದರೆ ಭಾರ ಹೊತ್ತ ಟೈರು ಒಂದು ಸುತ್ತಿಗೆ ಕ್ರಮಿಸುವ ನಿಜವಾದ ದೂರ ಸಿಗುತ್ತದೆ. ಪಂಪಿನ ಗಾಡಿಗೆ ಕಂಪನಿ ಕೊಟ್ಟಿದ್ದು 235/75 ಆರ್ 15, ಅಂದರೆ ಲೆಕ್ಕದಲ್ಲಿ 733 ಮಿ.ಮೀ. ವ್ಯಾಸ. ಈಗ ಇರುವುದು 31 ಇಂಚಿನ ಟೈರು, ಹೆಸರಿನ ಪ್ರಕಾರ 787 ಮಿ.ಮೀ. ಕಾಗದದ ಮೇಲೆ ಶೇ. 7.3ರಷ್ಟು ವ್ಯತ್ಯಾಸ. ನೆಲದ ಮೇಲೆ ಉರುಳಿಸಿದಾಗ ಸಿಕ್ಕಿದ್ದು ಶೇ. 6ರ ಆಸುಪಾಸು. ದೊಡ್ಡ ಟೈರುಗಳು ಹೆಸರಿನಷ್ಟು ದೊಡ್ಡದಿರುವುದು ಅಪರೂಪ, ಆದ್ದರಿಂದ ಕ್ಯಾಲ್ಕುಲೇಟರಿಗಿಂತ ಸೀಮೆಸುಣ್ಣವನ್ನೇ ನಂಬಿ. ಸವೆತವೂ ಲೆಕ್ಕಕ್ಕೆ ಬರುತ್ತದೆ. ಹೊಸದರಲ್ಲಿ 8–9 ಮಿ.ಮೀ. ಇರುವ ಹಲ್ಲು 1.6ಕ್ಕೆ ಇಳಿಯುವಷ್ಟರಲ್ಲಿ ವ್ಯಾಸ ಸುಮಾರು 14 ಮಿ.ಮೀ. ಕುಗ್ಗಿರುತ್ತದೆ. ಶೇ. 2ರಷ್ಟು ಅಳತೆ ಅಲ್ಲೇ ಹೋಯಿತು.

ಮುಂದಿನದು ವೇಗದ ಸಂಕೇತ. ಕೇಬಲ್ ಮೀಟರಿನ ಜಪಾನಿ ಗಾಡಿಗಳಲ್ಲಿ 60 ಕಿ.ಮೀ. ವೇಗಕ್ಕೆ ಕೇಬಲ್ ನಿಮಿಷಕ್ಕೆ 637 ಸುತ್ತು ತಿರುಗುತ್ತದೆ. ಒಂದು ಕಿಲೋಮೀಟರಿಗೂ ಅಷ್ಟೇ ಸುತ್ತು. ಮೀಟರಿನೊಳಗಿನ ರೀಡ್ ಸ್ವಿಚ್ಚು (ಅಯಸ್ಕಾಂತ ಹತ್ತಿರ ಬಂದಾಗ ಕೂಡುವ ಸ್ವಿಚ್ಚು) ಸುತ್ತಿಗೆ ನಾಲ್ಕು ಪಲ್ಸ್, ಅಂದರೆ ವಿದ್ಯುತ್ ಮಿಡಿತ ಕೊಟ್ಟರೆ ಕಿಲೋಮೀಟರಿಗೆ 2548, ಮೈಲಿಗೆ ಸುಮಾರು 4100. ಕಿಟ್‌ನ ಪೆಟ್ಟಿಗೆಯಲ್ಲಿರುವ ಸಣ್ಣ ಸ್ವಿಚ್ಚುಗಳನ್ನು ಮೈಲಿಗೆ 4000 ಪಲ್ಸ್ ಎಂಬಲ್ಲಿಗೆ ಇಡಬೇಕಾದದ್ದು ಈ ಲೆಕ್ಕದಿಂದ. 8000ಕ್ಕೆ ಇಟ್ಟರೆ ಕನಿಷ್ಠ ವೇಗದ ಲೆಕ್ಕವೂ ಎಳೆತದ ಲೆಕ್ಕವೂ ದಾರಿ ತಪ್ಪುತ್ತವೆ. ಮೀಟರಿನಲ್ಲಿ ರೀಡ್ ಸ್ವಿಚ್ಚೇ ಇಲ್ಲದ ಗಾಡಿಗೆ ಪ್ರೊಪೆಲ್ಲರ್ ಶಾಫ್ಟಿಗೆ ಅಯಸ್ಕಾಂತ ಕಟ್ಟಿ ಪಕ್ಕದಲ್ಲಿ ಪಿಕಪ್ ಕಾಯಿಲ್ ಇಡುತ್ತಾರೆ. ಅದನ್ನು ಗೇರ್ ಬಾಕ್ಸಿನ ತುದಿಗೇ ಕೂರಿಸಬೇಕು. ಹಿಂದಿನ ಆಕ್ಸಲ್ ಕಡೆ ಕೂರಿಸಿದರೆ ಗುಂಡಿ ಬಿದ್ದಾಗ ಶಾಫ್ಟ್ ಮೇಲೆ ಕೆಳಗೆ ಆಡಿ ಅಂತರ ಬದಲಾಗುತ್ತದೆ, ಪಲ್ಸ್ ತಪ್ಪುತ್ತದೆ. ಎರೆಹೊಲದ ಮಣ್ಣು ಮೆತ್ತಿಕೊಂಡ ಮೇಲಂತೂ ಅಯಸ್ಕಾಂತ ಕಿತ್ತು ಬೀಳಲು ಹೆಚ್ಚು ದಿನ ಬೇಕಿಲ್ಲ.

ಕ್ರೂಸಿನ ಆಕ್ಚುಯೇಟರಿನಿಂದ (ಎಳೆಯುವ ಡಬ್ಬಿ) ಪಂಪಿನ ಲಿವರಿಗೆ ಹೋಗುವ ಕೇಬಲ್ಲಿನ ಸಡಿಲ 2–3 ಮಿ.ಮೀ. ಇರಲಿ. ಅದಕ್ಕಿಂತ ಹೆಚ್ಚಾದರೆ ಗುಂಡಿ ಒತ್ತಿದ ಕೂಡಲೇ ವೇಗ ನಾಲ್ಕೈದು ಕಿ.ಮೀ. ಬಿದ್ದು ಆಮೇಲೆ ಎಳೆದುಕೊಳ್ಳುತ್ತದೆ. ಬಿಗಿಯಾದರೆ ಪಂಪಿನ ಲಿವರ್ ಐಡಲ್ ಸ್ಟಾಪಿಗೆ ತಾಗುವುದಿಲ್ಲ, ಐಡಲ್ ಏರುತ್ತದೆ. ಲಿವರ್ ಮತ್ತು ಸ್ಟಾಪ್ ಸ್ಕ್ರೂ ನಡುವೆ ಕಾಗದದ ಚೂರು ಇಟ್ಟು ಎಳೆದು ನೋಡಿ. ಕಾಗದ ಹಿಡಿದುಕೊಂಡರೆ ಸರಿ.

ಕೊನೆಗೆ ಸ್ವಿಚ್ಚುಗಳು. "ಬ್ರೇಕ್ ಲೈಟಿಗೆ ಎಲ್ಇಡಿ ಹಾಕ್ಸೀರೇನ್ರಿ, ಸರ?" ಎಂದು ಕೇಳುವ ಮಿಸ್ತ್ರಿ ಸಿಕ್ಕರೆ ಅವರ ಕೈಗೆ ಧೈರ್ಯವಾಗಿ ಗಾಡಿ ಕೊಡಬಹುದು. ಹಲವು ಹಳೇ ಕ್ರೂಸ್ ಪೆಟ್ಟಿಗೆಗಳು ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ತ್ ಹುಡುಕುತ್ತವೆ. ಹಳೇ ಬಲ್ಬು ತೆಗೆದು ಎಲ್ಇಡಿ ಹಾಕಿದರೆ ಆ ಅರ್ತ್ ಸಿಗದೆ ಕ್ರೂಸ್ ಹತ್ತುವುದೇ ಇಲ್ಲ. ಎರಡರಲ್ಲಿ ಒಂದು ಕಡೆಯಾದರೂ ಹಳೇ ಬಲ್ಬು ಇಡಿ, ಇಲ್ಲವೇ ರಿಲೇ ಹಾಕಿಸಿ. ಮ್ಯಾನುಯಲ್ ಗೇರಿನ ಗಾಡಿಗೆ ಕ್ಲಚ್ ಸ್ವಿಚ್ಚು ಕಡ್ಡಾಯ. ಅದಿಲ್ಲದೆ ಕ್ರೂಸಿನಲ್ಲಿ ಕ್ಲಚ್ ತುಳಿದರೆ ಎಂಜಿನ್ ಒಮ್ಮೆಲೇ ಕಿರುಚುತ್ತದೆ.

ಹಳೇ ಜೀಪುಗಳ ಹ್ಯಾಂಡ್ ಥ್ರಾಟಲನ್ನು ಕ್ರೂಸಿನ ಬದಲು ಬಳಸುವವರಿದ್ದಾರೆ. ದಯವಿಟ್ಟು ಬೇಡ. ಬ್ರೇಕ್ ತುಳಿದರೂ ಅದು ಬಿಡುವುದಿಲ್ಲ. ನಿಂತ ಗಾಡಿಯಲ್ಲಿ ಪಂಪ್‌ಸೆಟ್ಟೋ ವಿಂಚೋ ಓಡಿಸುವುದಕ್ಕೆ ಮಾತ್ರ ಅದು.

ಎರಡನೇ ದಿನ: ಗಬ್ಬೂರಿನಿಂದ ಚಳಗೇರಿ, ಅಳತೆಯ ದಿನ

ನಸುಕಿನಲ್ಲೇ ಗಬ್ಬೂರು ದಾಟಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದದ್ದು. ವರೂರು, ತಡಸ ಕ್ರಾಸ್, ಶಿಗ್ಗಾವಿ, ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು, ಆಮೇಲೆ ಚಳಗೇರಿ ಟೋಲ್. ವಿಭಜಕವಿರುವ, ಉದ್ದುದ್ದ ನೇರ ಚಾಚಿದ ರಸ್ತೆಯಾದ್ದರಿಂದ ಅಳತೆಗೆ ಇದೇ ಒಳ್ಳೆಯದು. ಬ್ಯಾಡಗಿ ಮಾರುಕಟ್ಟೆಯ ಸುಗ್ಗಿಯಲ್ಲಿ, ಅಂದರೆ ಡಿಸೆಂಬರಿನಿಂದ ಬೇಸಿಗೆಯವರೆಗೆ, ಮೋಟೆಬೆನ್ನೂರಿನ ಹತ್ತಿರ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳ ಸಾಲು ಸಿಗುತ್ತದೆ. ಆಗ ಐದು ಕಿಲೋಮೀಟರ್ ಒಂದೇ ವೇಗ ಹಿಡಿಯುವುದು ಆಗದ ಮಾತು. ಆಷಾಢದಲ್ಲಿ ಆ ತೊಂದರೆಯಿಲ್ಲ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಮಾತ್ರ ವರ್ಷವಿಡೀ ಇರುತ್ತವೆ. ಆದ್ದರಿಂದ ಚೆನ್ನಾಗಿ ಬೆಳಕು ಹರಿಯುವವರೆಗೆ ಕ್ರೂಸ್ ಮುಟ್ಟಲಿಲ್ಲ.

ಅಳೆಯುವ ವಿಧಾನ ಸರಳ. ಎಂಜಿನ್ ಬಿಸಿಯಾದ ಮೇಲೆ, ಟಾಪ್ ಗೇರಿನಲ್ಲಿ, ಮುಳ್ಳು 80ಕ್ಕೆ ಬಂದಾಗ ಸೆಟ್ ಒತ್ತಬೇಕು. ಎರಡು ನಿಮಿಷ ಹಾಗೇ ಬಿಟ್ಟು, ಪಕ್ಕದಲ್ಲಿ ಕೂತವರು ಜಿಪಿಎಸ್ಸಿನಲ್ಲಿ ಐದು ಕಿಲೋಮೀಟರಿನ ಸಮಯ ಹಿಡಿಯಬೇಕು. ನಿಜವಾದ 80ಕ್ಕೆ 3 ನಿಮಿಷ 45 ಸೆಕೆಂಡು, 75ಕ್ಕೆ ಸರಿಯಾಗಿ 4 ನಿಮಿಷ. ಬರುವಾಗ ಅದೇ ತುಂಡಿನಲ್ಲಿ ಎದುರು ದಿಕ್ಕಿಗೆ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಮೇಲೆ ಪೂರ್ತಿ ಭಾರ ಹಾಕಬೇಡಿ. ರಸ್ತೆ ಅಗಲವಾದ ಕಡೆ, ಬೈಪಾಸ್ ಸೇರಿದ ಕಡೆ ಕಲ್ಲಿನ ಅಂತರ ಸರಿಯಿರುವುದಿಲ್ಲ. ಜಿಪಿಎಸ್ ಕೂಡ ಒಂದೇ ವೇಗದಲ್ಲಿ ಓಡುವಾಗ ಮಾತ್ರ ನಿಖರ. ವೇಗ ಏರಿಳಿಯುವ ಗಳಿಗೆಯಲ್ಲಿ ಫೋನಿನ ಅಂಕಿ ಸ್ವಲ್ಪ ಹಿಂದೆ ಬೀಳುತ್ತದೆ.

ಪಂಪಿನ ಗಾಡಿಯ ಮುಳ್ಳು 80 ಅಂದಾಗ ನಿಜವೂ 80ರ ಹತ್ತಿರವೇ ಇತ್ತು. ಇದರಿಂದ ಅದರ ಮೀಟರ್ ಸರಿಯಿದೆ ಎಂದುಕೊಳ್ಳುವಂತಿಲ್ಲ. ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ತೋರಿಸಲೇಬಾರದು, ಹೆಚ್ಚು ತೋರಿಸಬಹುದು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿ 39ರ ಸೂತ್ರ. ಹೆಚ್ಚಳದ ಮಿತಿ ನಿಜವಾದ ವೇಗದ ಹತ್ತನೇ ಒಂದು ಭಾಗ, ಮೇಲೆ 4 ಕಿ.ಮೀ. ನಿಜ 80 ಇದ್ದಾಗ ಮುಳ್ಳು 92ರವರೆಗೂ ಹೋಗಬಹುದು. ಹೀಗಾಗಿ ಕಂಪನಿಗಳು ಮುಳ್ಳನ್ನು ಬೇಕೆಂದೇ ಸ್ವಲ್ಪ ಮುಂದೆ ಇಟ್ಟಿರುತ್ತವೆ. ಈ ಗಾಡಿಯಲ್ಲಿ ದೊಡ್ಡ ಟೈರು ಆ ಮುಂದಿನ ಹೆಜ್ಜೆಯನ್ನು ನುಂಗಿಹಾಕಿದೆ, ಅಷ್ಟೇ. ಅದರ ಗುಟ್ಟು ಓಡೋಮೀಟರಿನಲ್ಲಿ ಬಯಲಾಯಿತು. ಜಿಪಿಎಸ್ 100 ಕಿ.ಮೀ. ಎಂದಾಗ ಅದು ಎಣಿಸಿದ್ದು 94. ದೂರ ಎಣಿಸುವ ಭಾಗಕ್ಕೆ ಮುಳ್ಳಿನಂಥ ರಿಯಾಯಿತಿ ಇರುವುದಿಲ್ಲ, ಅದು ಹಲ್ಲುಚಕ್ರದ ನೇರ ಲೆಕ್ಕ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಬಿತ್ತು ಎಂದು ಕೊರಗುವವರು ಮೊದಲು ಈ ಆರು ಕಿಲೋಮೀಟರನ್ನು ಕೂಡಿಸಿಕೊಳ್ಳಲಿ. ಆಯಿಲ್ ಬದಲಿಸುವ ಲೆಕ್ಕಕ್ಕೂ ಅದೇ ಮಾತು.

ಟ್ರಾನ್ಸ್‌ಫರ್ ಕೇಸಿನಲ್ಲಿ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮೀಟರ್ ಕೇಬಲ್ಲಿಗಿರುವ ಪ್ಲಾಸ್ಟಿಕ್ ಹಲ್ಲುಚಕ್ರ ಬದಲಿಸಿ ಇದನ್ನು ಸರಿಮಾಡಬಹುದು. ದೊಡ್ಡ ಟೈರಿಗೆ ಕೇಬಲ್ ಜೋರಾಗಿ ತಿರುಗಬೇಕು, ಆದ್ದರಿಂದ ಕಡಿಮೆ ಹಲ್ಲಿನದು ಬೇಕು. 27 ಹಲ್ಲಿನ ಜಾಗದಲ್ಲಿ 25 ಹಾಕಿದರೆ ಶೇ. 8 ಏರುತ್ತದೆ, 26 ಹಾಕಿದರೆ ಶೇ. 4ಕ್ಕಿಂತ ತುಸು ಕಡಿಮೆ. ಆದರೆ ಬದಲಿಸಿದ ಮೇಲೆ ಮುಳ್ಳು ಮತ್ತೆ ಮುಂದೆ ಓಡುತ್ತದೆ. ದೂರ ಸರಿಬೇಕೋ ಮುಳ್ಳು ಸರಿಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ನಮ್ಮ ಮಟ್ಟಿಗೆ ಮುಳ್ಳು ಸರಿಯಿದ್ದರೆ ಸಾಕು, ದೂರವನ್ನು 1.06ರಿಂದ ಗುಣಿಸಿಕೊಂಡರಾಯಿತು.

ಕಾಮನ್ ರೈಲ್ ಗಾಡಿಯದು ತಿರುಗುಮುರುಗು. ಮುಳ್ಳು 80, ನಿಜ 75, ಓಡೋಮೀಟರ್ ಹೆಚ್ಚುಕಡಿಮೆ ನಿಖರ. ಟೈರು ಕಂಪನಿ ಅಳತೆಯದೇ, ಅರ್ಧ ಸವೆದದ್ದು. ಇಲ್ಲಿ ಸರಿಪಡಿಸುವಂಥದ್ದೇನೂ ಇಲ್ಲ. ನಿಜವಾದ 80 ಬೇಕಾದರೆ ಮುಳ್ಳನ್ನು 85ಕ್ಕೆ ಇಟ್ಟು ಸೆಟ್ ಒತ್ತಬೇಕು. ಹಲವು ಜಪಾನಿ ಗಾಡಿಗಳಲ್ಲಿ ಗುಂಡಿಯನ್ನು ಒಮ್ಮೆ ತಟ್ಟಿದರೆ ವೇಗ 1.6 ಕಿ.ಮೀ., ಅಂದರೆ ಒಂದು ಮೈಲಿ ಏರುತ್ತದೆ. 80ರಿಂದ ಮೂರು ಸಲ ತಟ್ಟಿದರೆ ಅಲ್ಲಿಗೆ ಬಂತು. ಇನ್ನೊಂದು ಮಾತು ನೆನಪಿರಲಿ: ಕ್ರೂಸ್ ಹಿಡಿಯುವುದು ಮುಳ್ಳನ್ನಲ್ಲ, ಪಲ್ಸನ್ನು. ಮುಳ್ಳು ಎಷ್ಟೇ ಸುಳ್ಳು ಹೇಳಿದರೂ ಸೆಟ್ ಮಾಡಿದ ಗಳಿಗೆಯ ನಿಜವಾದ ವೇಗವನ್ನೇ ಅದು ಕಾಯುತ್ತದೆ.

ಮೂರನೇ ದಿನ: ಗದಗ ರಸ್ತೆ, ಹಿಡಿತದ ದಿನ

ಹಿಡಿತ ನೋಡಲು ಗದಗ ರಸ್ತೆಗಿಂತ ಕಟ್ಟುನಿಟ್ಟಾದ ಪರೀಕ್ಷಕ ಈ ಸೀಮೆಯಲ್ಲಿ ಇಲ್ಲ. ಶಿರಗುಪ್ಪಿ, ನಲವಡಿ, ಅಣ್ಣಿಗೇರಿ, ಹುಲಕೋಟಿ ದಾರಿಯಾಗಿ ಗದಗಕ್ಕೆ ಸುಮಾರು 58 ಕಿ.ಮೀ. ಎರಡೂ ಬದಿ ಹೆಸರು ಚಿಗುರಿದ ಎರೆಹೊಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಎಷ್ಟು ಗಟ್ಟಿಯಾಗಿ ಹಾಕಿದ್ದರೂ ಕಾಲಕ್ರಮೇಣ ಅಲೆಯಾಗುತ್ತದೆ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಲೆಯಿಂದ ಅಲೆಗೆ 40 ಮೀಟರ್ ಇದ್ದರೆ ಎರಡು ಸೆಕೆಂಡಿಗೊಮ್ಮೆ ಏರು, ಇಳಿತ. ವ್ಯಾಕ್ಯೂಮ್ ಆಕ್ಚುಯೇಟರಿಗೆ ಅಷ್ಟು ಬೇಗ ಎಳೆದು ಬಿಡಲು ಆಗದು. ಅದು ಏರಿಗೆ ಕೊಟ್ಟ ಎಣ್ಣೆ ಇಳಿತದಲ್ಲಿ ತಲುಪುತ್ತದೆ, ಗಾಡಿ ಹಿಂದೆ ಮುಂದೆ ತೂಗುತ್ತದೆ. ಕಿಟ್‌ನ ಸೆನ್ಸಿಟಿವಿಟಿ ಸ್ವಿಚ್ಚನ್ನು ಹೈನಿಂದ ಮೀಡಿಯಂಗೆ ಇಳಿಸಿದ ಮೇಲೆ ಆ ತೂಗಾಟ ನಿಂತಿತು. ಇಂಥ ರಸ್ತೆಯಲ್ಲಿ ವೇಗ ಒಂದೆರಡು ಕಿ.ಮೀ. ಆಡಿದರೆ ಆಡಲಿ. ಮುಳ್ಳು ಅಲುಗಬಾರದೆಂದು ಹಟ ಹಿಡಿದರೆ ಎಣ್ಣೆಯೂ ಹೋಗುತ್ತದೆ, ಕೂತವರ ತಲೆಯೂ ತಿರುಗುತ್ತದೆ.

ಆಷಾಢದಲ್ಲಿ ಇಲ್ಲಿ ಗಾಳಿ ಪಡುವಣದಿಂದ. ಹುಬ್ಬಳ್ಳಿಯಿಂದ ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಹೋಗುವಾಗ ಎರಡೂ ಗಾಡಿಗಳು 80ನ್ನು ಸಲೀಸಾಗಿ ಹಿಡಿದವು. ಬರೀ ಹೋಗುವ ಓಟ ನೋಡಿ ಪಾಸ್ ಮಾಡುವುದು ಅದಕ್ಕೇ ತಪ್ಪು. ಗದಗ ದಾಟಿ ಲಕ್ಕುಂಡಿಯವರೆಗೆ ಹೋಗಿ, ಕಾಶಿ ವಿಶ್ವನಾಥ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿ, ಗಾಳಿ ಬಲಿತ ಮೇಲೆ ಮಧ್ಯಾಹ್ನ ಹಿಂದಿರುಗಿದ್ದು. ಗದಗ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳು ಮುಖ ಮಾಡಿದ ದಿಕ್ಕನ್ನು ನೋಡಿಕೊಂಡರೆ ಗಾಳಿ ಎತ್ತಲಿಂದ ಎಂದು ಬೇರೆ ಯಾರನ್ನೂ ಕೇಳಬೇಕಿಲ್ಲ.

80ರಲ್ಲಿ ಹೋಗುವ ಗಾಡಿಗೆ 20 ಕಿ.ಮೀ. ಎದುರುಗಾಳಿ ಸಿಕ್ಕರೆ ಗಾಳಿಯ ಪಾಲಿಗೆ ಅದು 100ರ ವೇಗ. ತಡೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಒಂದೂವರೆ ಪಟ್ಟಿಗೂ ಹೆಚ್ಚು. ಎತ್ತರದ ಚೌಕಾಕಾರದ ಫೋರ್ ವೀಲ್ ಗಾಡಿಗೆ ಚಕ್ರದಲ್ಲಿ ನಾಲ್ಕೈದು ಕಿಲೋವ್ಯಾಟ್ ಹೆಚ್ಚು ಬೇಕು. ಇದರ ಮೇಲೆ ನಲವತ್ತಕ್ಕೆ ಒಂದರ ಏರು ಬಂತೆನ್ನಿ. ಎರಡು ಟನ್ನಿನ ಗಾಡಿಗೆ ಇನ್ನೂ 11 ಕಿಲೋವ್ಯಾಟ್, ಸುಮಾರು 15 ಎಚ್‌ಪಿ. ಹಳೇ ಡೀಸೆಲ್ಲಿಗೆ ಇದು ಸಣ್ಣ ಬೇಡಿಕೆಯಲ್ಲ.

ಹುಲಕೋಟಿ ದಾಟಿದ ಮೇಲೆ ಪಂಪಿನ ಗಾಡಿಯ ವೇಗ ಮೆಲ್ಲಗೆ ಕುಸಿಯತೊಡಗಿತು. 78, 75, 71. ಕ್ರೂಸ್ ಕಡಿದು ಬೀಳಲಿಲ್ಲ, ಬರೀ ಸೋತಿತು. ಈ ವ್ಯತ್ಯಾಸದಲ್ಲೇ ಅರ್ಧ ರೋಗಪತ್ತೆ ಇದೆ. ಕ್ರೂಸ್ ಒಮ್ಮೆಲೇ ಬಿಟ್ಟುಬಿಟ್ಟರೆ ಅದು ವಿದ್ಯುತ್ತಿನ ದೋಷ: ಬ್ರೇಕ್ ಸ್ವಿಚ್ಚು ಸಡಿಲ, ಕ್ಲಚ್ ಸ್ವಿಚ್ಚು ಸಡಿಲ, ಇಲ್ಲವೇ ಪಲ್ಸ್ ತುಂಡಾಗುತ್ತಿದೆ. ಹಲವು ಗಾಡಿಗಳು ಸೆಟ್ ವೇಗಕ್ಕಿಂತ ಸುಮಾರು 16 ಕಿ.ಮೀ. ಕೆಳಗೆ ಬಿದ್ದಾಗಲೂ ತಾವಾಗಿ ಬಿಡುತ್ತವೆ, ಅದು ದೋಷವಲ್ಲ. ಮೆಲ್ಲಗೆ ಕುಸಿದರೆ ಕ್ರೂಸ್ ಪೂರ್ತಿ ಎಳೆಯುತ್ತಿಲ್ಲ, ಅಥವಾ ಎಂಜಿನ್ನಿಗೇ ಕಸುವಿಲ್ಲ.

ಇವೆರಡನ್ನು ಬೇರ್ಪಡಿಸಲು ಯಂತ್ರ ಬೇಡ, ಕಾಲು ಸಾಕು. ಕುಸಿಯುತ್ತಿರುವಾಗಲೇ ಆಕ್ಸಿಲರೇಟರನ್ನು ಮೆತ್ತಗೆ ಒತ್ತಬೇಕು. ಗಾಡಿ ಕೂಡಲೇ ಚುರುಕಾದರೆ ಎಂಜಿನ್ನಿನಲ್ಲಿ ಇನ್ನೂ ಕಸುವಿದೆ, ಕ್ರೂಸ್ ಅದನ್ನು ತೆಗೆದುಕೊಳ್ಳುತ್ತಿಲ್ಲ ಎಂದರ್ಥ. ನೆಲಕ್ಕೆ ತುಳಿದರೂ ಏಳದಿದ್ದರೆ ಕ್ರೂಸ್ ತಂಟೆಗೆ ಹೋಗಬೇಡಿ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೊ ಪೈಪು ನೋಡಿ. ಮುಂದಿನ ಚಕ್ರದ ಹಬ್ಬುಗಳು ಲಾಕ್ ಆಗಿಯೇ ಉಳಿದಿವೆಯೇ ಎಂದೂ ನೋಡಿ, ಕೆಸರಿನಿಂದ ಬಂದವರು ಮರೆಯುವುದು ಅದನ್ನೇ. ಇಲ್ಲಿ ಕಾಲಿಟ್ಟ ಕೂಡಲೇ ಗಾಡಿ 80ಕ್ಕೆ ಏರಿತು. ಅಣ್ಣಿಗೇರಿಯಲ್ಲಿ ಗಿರ್ಮಿಟ್, ಚಹಾ ಮುಗಿಸುವಷ್ಟರಲ್ಲಿ ತೀರ್ಮಾನವಾಗಿತ್ತು: ನಾಳೆ ವ್ಯಾಕ್ಯೂಮ್ ಗೇಜು.

ಅದೇ ಗಾಳಿಯಲ್ಲಿ ಕಾಮನ್ ರೈಲ್ ಗಾಡಿ ಎರಡು ಕಿ.ಮೀ. ಮಾತ್ರ ಬಿಟ್ಟುಕೊಟ್ಟಿತು. ಏರು ಬಂದಾಗ ಎಂಜಿನ್ನಿಗೂ ಆಟೋಮ್ಯಾಟಿಕ್ ಗೇರಿಗೂ ನಡುವಿನ ಟಾರ್ಕ್ ಕನ್ವರ್ಟರಿನ ಲಾಕ್ ಬಿಟ್ಟು ಆರ್‌ಪಿಎಂ ಇನ್ನೂರು ಮುನ್ನೂರು ಏರುತ್ತದೆ. ಅದು ಗೇರು ಜಾರಿದ್ದಲ್ಲ, ಗಾಬರಿ ಬೇಡ. ದಿಬ್ಬ ದಾಟಿದ ಮೇಲೆ 83ಕ್ಕೆ ಹೋದದ್ದೂ ಸಹಜ. ಹಳೇ ಕ್ರೂಸ್ ಎಣ್ಣೆ ಕಡಿಮೆ ಮಾಡಬಲ್ಲದು, ಬ್ರೇಕ್ ಹಾಕಲಾರದು.

ನಾಲ್ಕನೇ ದಿನ: ಗೇಜು, ಪೈಪು, ಧಾರವಾಡದ ಜಿಟಿಜಿಟಿ

ಪೆಟ್ರೋಲ್ ಎಂಜಿನ್ನಿಗೆ ಇನ್‌ಟೇಕಿನಲ್ಲೇ ವ್ಯಾಕ್ಯೂಮ್ ಇರುತ್ತದೆ, ಡೀಸೆಲ್ಲಿಗೆ ಇರುವುದಿಲ್ಲ. ಹಲವು ಹಳೇ ಡೀಸೆಲ್ಲುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಕೂತ ಪುಟ್ಟ ಪಂಪು ಅದನ್ನು ತಯಾರಿಸುತ್ತದೆ. ಬ್ರೇಕ್ ಬೂಸ್ಟರಿಗೂ ಕ್ರೂಸಿಗೂ ಅದೇ ಮೂಲ. ಟಿ ಜಾಯಿಂಟ್ ಹಾಕಿ ಗೇಜು ಕೂರಿಸಿ ಐಡಲಿನಲ್ಲಿ ಓದಬೇಕು. ಪುಸ್ತಕದ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದವು. ಹುಬ್ಬಳ್ಳಿ ಸುಮಾರು 650 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾತಾವರಣದ ಒತ್ತಡವೇ 700 ಮಿ.ಮೀ. ಪಾದರಸದ ಆಸುಪಾಸು. 630–660 ಬಂದರೆ ಪಂಪು ಆರೋಗ್ಯವಾಗಿದೆ. 700 ದಾಟಲಿಲ್ಲವೆಂದು ಒಳ್ಳೇ ಪಂಪು ಬಿಚ್ಚಿಸಬೇಡಿ.

ಪಂಪು ಸರಿಯಿತ್ತು. ಆಕ್ಚುಯೇಟರಿಗೆ ಕೈಪಂಪಿನಿಂದ 400 ಎಳೆದು ಬಿಟ್ಟಾಗ ಗೇಜಿನ ಮುಳ್ಳು ಅಲುಗಲಿಲ್ಲ, ಡಯಾಫ್ರಮ್ಮೂ ಸರಿ. ಎಂಜಿನ್ ಆರಿಸಿದ ಮೇಲೆ ಮಾತ್ರ ಕ್ರೂಸ್ ಕಡೆಯ ಪೈಪಿನಲ್ಲಿ ವ್ಯಾಕ್ಯೂಮ್ ಒಂದು ನಿಮಿಷವೂ ನಿಲ್ಲಲಿಲ್ಲ. ಎಂಜಿನ್ನಿನ ಬಿಸಿಗೆ ಗಡಸಾದ ರಬ್ಬರ್ ಪೈಪು ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಚಪ್ಪಟೆ ರಸ್ತೆಗೆ ಬೇಕಾದ ಅರ್ಧ ಎಳೆತಕ್ಕೆ ಅದು ಅಡ್ಡಿ ಮಾಡುವುದಿಲ್ಲ. ಪೂರ್ತಿ ಎಳೆತ ಬೇಕಾದ ಏರಿನಲ್ಲಿ ಸೋರಿಕೆ ಗೆಲ್ಲುತ್ತದೆ. ಮೊನ್ನೆ ಹೆದ್ದಾರಿಯಲ್ಲಿ ಈ ದೋಷ ಸುಳಿವೇ ಕೊಡದಿದ್ದದ್ದು ಅದಕ್ಕೇ. ಪೈಪು ಬದಲಿಸುವಾಗ ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗೋಡೆಯದನ್ನೇ ಹಾಕಿ. ಸಾದಾ ನೀರಿನ ಪೈಪು ಒಳಕ್ಕೆ ಚಪ್ಪಟೆಯಾಗುತ್ತದೆ. ಬ್ರೇಕ್ ಬೂಸ್ಟರಿಗೆ ಅದರದೇ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇರಲೇಬೇಕು, ಕ್ರೂಸ್ ಕವಲಿನಲ್ಲಿ ಸೋರಿಕೆಯಾದರೂ ಬೂಸ್ಟರಿನಲ್ಲಿ ಕೂಡಿಟ್ಟ ವ್ಯಾಕ್ಯೂಮ್ ಕೂಡಲೇ ಹೋಗುವುದಿಲ್ಲ. ಬ್ರೇಕ್ ಪೆಡಲ್ ಕಲ್ಲಿನಂತಾಗಿದ್ದರೆ ಕ್ರೂಸಿನ ಮಾತು ಬಿಟ್ಟು ಮೊದಲು ಆ ಕಡೆ ನೋಡಿ.

ಮಧ್ಯಾಹ್ನ ಧಾರವಾಡದ ಮೇಲೆ ಕಿತ್ತೂರಿಗೆ. ವರ್ಷಗಟ್ಟಲೆ ಎರಡೇ ಪಥದಲ್ಲಿ ಎದುರುಬದುರು ಓಡಿಸಿದ ಗಬ್ಬೂರು–ನರೇಂದ್ರ ಬೈಪಾಸಿನಲ್ಲಿ ಕ್ರೂಸ್ ಬೇಡವೇ ಬೇಡ. ನರೇಂದ್ರ ದಾಟಿದ ಮೇಲೆ ರಸ್ತೆ ತೆರೆದುಕೊಂಡಿತು, ಆದರೆ ಜಿಟಿಜಿಟಿ ಮಳೆ. ಒದ್ದೆ ರಸ್ತೆಯಲ್ಲಿ ಟೈರು ನೀರಿನ ಮೇಲೆ ತೇಲಿ ನಿಧಾನವಾದರೆ ಕ್ರೂಸ್ ಅದನ್ನು ಏರು ಎಂದುಕೊಂಡು ಎಣ್ಣೆ ಕೊಡುತ್ತದೆ. ಕಿತ್ತೂರಿನವರೆಗೂ ಕಾಲಿನಲ್ಲೇ ಓಡಿಸಿದ್ದಾಯಿತು. ನಾಲ್ಕೂ ಚಕ್ರ ಎಳೆಯುವ 4ಎಚ್ ಹಾಕಿದರೆ ಹಿಡಿತ ಸಿಗುತ್ತದಲ್ಲ ಎಂಬ ಯೋಚನೆಯೂ ಬೇಡ. ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಶಾಫ್ಟುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇಲ್ಲದ ಗಾಡಿಯಲ್ಲಿ ಡಾಂಬರಿನ ಮೇಲೆ 4ಎಚ್ ಹಾಕಿದರೆ ಶಾಫ್ಟುಗಳು ಮುರುಚಿಕೊಳ್ಳುತ್ತವೆ.

ಐದನೇ ದಿನ: ಮತ್ತೆ ಅಣ್ಣಿಗೇರಿ

ಅದೇ ತುಂಡು, ಅದೇ ಹೊತ್ತು, ಅದೇ ಎದುರುಗಾಳಿ. ಪಂಪಿನ ಗಾಡಿ 80ರಿಂದ 77ಕ್ಕೆ ಇಳಿದು ಅಲ್ಲೇ ನಿಂತಿತು, ಏರು ಮುಗಿದ ಮೇಲೆ ಮತ್ತೆ 80. ಆ ಮೂರು ಕಿಲೋಮೀಟರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಇಂಥ ಹಳೇ ಪೆಟ್ಟಿಗೆ ವೇಗ ಬಿದ್ದ ಪ್ರಮಾಣಕ್ಕೆ ತಕ್ಕಂತೆ ಎಳೆಯುತ್ತದೆ. ಸ್ವಲ್ಪ ಬೀಳದೆ ಅದಕ್ಕೆ ಎಳೆಯಲು ಕಾರಣವೇ ಸಿಗುವುದಿಲ್ಲ. ಚಪ್ಪಟೆಯಲ್ಲಿ ಒಂದೆರಡು, ಏರಿನಲ್ಲಿ ಮೂರರಿಂದ ಐದು ಕಿ.ಮೀ. ಬಿಟ್ಟುಕೊಟ್ಟರೆ ಗಾಡಿ ಸರಿಯಿದೆ. ಎಂಟು ದಾಟಿದರೆ ಕಾಲಿನ ಪರೀಕ್ಷೆ, ಆಮೇಲೆ ಗೇಜು. ಕೇಬಲ್ಲಿನ ಸಡಿಲ ಮತ್ತೊಮ್ಮೆ ಅಳೆದಾಗ 2 ಮಿ.ಮೀ. ಇತ್ತು, ಸೆನ್ಸಿಟಿವಿಟಿ ಮೀಡಿಯಂನಲ್ಲೇ ಉಳಿಯಿತು. ಪೈಪಿನ ಉಳಿದ ತುಂಡುಗಳೂ ಅದೇ ವಯಸ್ಸಿನವು, ಮುಂದಿನ ಆಯಿಲ್ ಸರ್ವಿಸಿನಲ್ಲಿ ಅವನ್ನೂ ಬದಲಿಸಬೇಕು.